ಗೋಡೆಯ ತೇವಕ್ಕೂ ಒಂದು ತಾರೀಖು



2021ರ ಮೇ ತಿಂಗಳಲ್ಲಿ ನಾನು ಆಸ್ಪತ್ರೆಯೊಂದರ ಸೂಕ್ಷ್ಮಾಣುಜೀವಿ ಪ್ರಯೋಗಶಾಲೆಯಲ್ಲಿದ್ದೆ. ಮೂಗಿನ ಒಳಗಿನಿಂದ ತೆಗೆದ ಕಡಲೆಬೇಳೆಯಷ್ಟು ಕಪ್ಪು ಚೂರನ್ನು ಸಣ್ಣ ಸೀಸೆಯಲ್ಲಿ ತಂದುಕೊಡುತ್ತಿದ್ದರು. ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಬಿಟ್ಟು, ಸ್ವಲ್ಪ ಹೊತ್ತು ಕಾದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಗಲವಾದ ಎಳೆಗಳು ಕಾಣುತ್ತಿದ್ದವು. ಅಡ್ಡಗೋಡೆ ಇಲ್ಲವೆನ್ನುವಷ್ಟು ಕಡಿಮೆ, ಜಡೆಯ ರಿಬ್ಬನ್ ಮಡಚಿಕೊಂಡ ಹಾಗೆ. ಮ್ಯೂಕರ್. ವರದಿ ಟೈಪಾಗುವ ಮೊದಲೇ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಫೋನ್ ಮಾಡುತ್ತಿದ್ದೆವು; ಒಂದು ರಾತ್ರಿ ತಡವಾದರೆ ಒಂದು ಕಣ್ಣು ಹೋಗುತ್ತಿತ್ತು. ಪತ್ರಿಕೆಗಳು ಅದನ್ನು ಕಪ್ಪು ಶಿಲೀಂಧ್ರ ಎಂದು ಕರೆದವು. ನಮ್ಮ ಮನೆಗಳ ಮಾತಿನಲ್ಲಿ ಹೇಳುವುದಾದರೆ ಅದು ಬೂಷ್ಟಿನ ಬಳಗದ್ದು. ಹಳಸಿದ ರೊಟ್ಟಿಯ ಮೇಲೆ, ಕೊಳೆತ ಹಣ್ಣಿನ ಮೇಲೆ ಬರುವಂಥದ್ದೇ.

ಆಗ ಸರ್ಕಾರ ಸುಮ್ಮನೆ ಕೂರಲಿಲ್ಲ. 2021ರ ಮೇ 20ರಂದು ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿ ಮ್ಯೂಕರ್‌ಮೈಕೋಸಿಸ್ ಅನ್ನು ಅಧಿಸೂಚಿತ ರೋಗವೆಂದು ಘೋಷಿಸಲು ಹೇಳಿತು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಪ್ರತಿಯೊಂದು ಪ್ರಕರಣವನ್ನೂ ತಿಳಿಸಲೇಬೇಕಾಯಿತು. ಜುಲೈ ಹೊತ್ತಿಗೆ ದೇಶದಲ್ಲಿ 45,374 ಪ್ರಕರಣ, 4,300ಕ್ಕೂ ಹೆಚ್ಚು ಸಾವು ಎಂದು ಸಂಸತ್ತಿಗೆ ಲೆಕ್ಕ ಬಂತು. ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆ ಮಹಾರಾಷ್ಟ್ರದ್ದು. ಆಂಫೋಟೆರಿಸಿನ್ ಔಷಧದ ಒಂದೊಂದು ಸೀಸೆಗೂ ಮನೆಯವರು ಊರೂರು ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆ ವರ್ಷದ ಹಾವಳಿಗೆ ಆಸ್ಪತ್ರೆಯ ಗೋಡೆಗಳೇ ಕಾರಣ ಎಂದು ನಾನು ಹೇಳಲು ಬಂದಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಅಳತೆ ಮೀರಿದ ಸ್ಟಿರಾಯ್ಡ್, ಕೋವಿಡ್ ಮಾಡಿದ ಹಾನಿ, ಇವೇ ಮುಖ್ಯ ಕಾರಣವೆಂಬುದು ವೈದ್ಯಲೋಕ ಒಪ್ಪಿಕೊಂಡ ಮಾತು. ಕೈಗಾರಿಕಾ ಆಮ್ಲಜನಕದ ಮೇಲೆ, ಆಕ್ಸಿಜನ್ ತೇವಗೊಳಿಸುವ ಬಾಟಲಿಯ ನಲ್ಲಿನೀರಿನ ಮೇಲೆ ಅನುಮಾನ ಬಂತು, ಸಿದ್ಧವಾಗಲಿಲ್ಲ. ಆದರೂ ಆ ತಿಂಗಳುಗಳಲ್ಲಿ ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ರೋಗಿಯ ಸಕ್ಕರೆ ಎಷ್ಟು, ಸ್ಟಿರಾಯ್ಡ್ ಎಷ್ಟು ದಿನ, ಎಲ್ಲವನ್ನೂ ನಾವು ಬರೆದುಕೊಂಡೆವು. ಅವನು ಮಲಗಿದ್ದ ಮಂಚದ ಮೇಲಿನ ಸೂರು ಹೇಗಿತ್ತು, ಅದರ ಮೇಲೆ ಹಸಿರು-ಕಪ್ಪು ಕಲೆ ಇತ್ತೇ, ಇದ್ದರೆ ಎಂದಿನಿಂದ, ಅದನ್ನು ಬರೆಯಲು ನಮ್ಮಲ್ಲಿ ಒಂದು ಅಂಕಣವೂ ಇರಲಿಲ್ಲ.

ನಾನು ಬೀದರ್ ಕಡೆಯವಳು. 1956ರ ಪುನರ್ವಿಂಗಡಣೆಯವರೆಗೆ ಬೀದರ್, ಕಲಬುರಗಿ, ರಾಯಚೂರುಗಳೂ ಆಗಿನ ಔರಂಗಾಬಾದೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಮ್ಮ ಮಾಂಜ್ರಾ ಹೋಗಿ ಸೇರುವುದು ಗೋದಾವರಿಯನ್ನೇ. ಆ ಗೋದಾವರಿ ತ್ರ್ಯಂಬಕದಲ್ಲಿ ಹುಟ್ಟಿ, ನಾಸಿಕ್ ದಾಟಿ, ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟಿಗೆ ಬಂದು ನಿಲ್ಲುತ್ತದೆ. ನಮ್ಮ ಬಂಧುಬಳಗ ನಾಸಿಕ್, ಸಂಭಾಜಿನಗರ ಎರಡೂ ಊರುಗಳಲ್ಲಿದೆ, ನಾನು ಹೋಗಿಬಂದು ಮಾಡುತ್ತಿರುತ್ತೇನೆ. ಬೂಷ್ಟಿನ ಮೇಲೆ ಸರ್ಕಾರ ನಿಗಾ ಇಡಬಲ್ಲದೇ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿಯೇ, ಆದರೆ ಆಸ್ಪತ್ರೆಗಳಲ್ಲಿ ಅಲ್ಲ. ನಾಸಿಕ್‌ನ ದ್ರಾಕ್ಷಿ ತೋಟದಲ್ಲಿ ಮತ್ತು ಅಜಂತಾದ ಗೋಡೆಯ ಮೇಲೆ.

ದ್ರಾಕ್ಷಿಯ ಮಾತು ವಿಜಯಪುರದವರಿಗೆ ಹೊಸದಲ್ಲ. ಬೂದಿರೋಗ, ಎಲೆಯಡಿ ಬಿಳಿ ಬೂಷ್ಟು ಬರುವ ಡೌನಿ, ಇವೆರಡೂ ಶಿಲೀಂಧ್ರಗಳೆಂದೇ ರೈತರು ಕಾದಾಡುತ್ತಾರೆ. ಮೋಡ ಕವಿದು ಇಬ್ಬನಿ ಇಳಿಯಿತೆಂದರೆ ನಾಸಿಕ್‌ನ ದಿಂಡೋರಿ, ನಿಫಾಡ್ ತಾಲ್ಲೂಕುಗಳಲ್ಲಿ ರೈತ ರಾತ್ರಿ ನಿದ್ದೆ ಮಾಡುವುದಿಲ್ಲ. ಬೆಳಗಾಗುವ ಮೊದಲೇ ಟ್ರ್ಯಾಕ್ಟರ್‌ಗೆ ಔಷಧದ ಟ್ಯಾಂಕು ಕಟ್ಟುತ್ತಾನೆ. 2003ರಲ್ಲಿ ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿ ದೊಡ್ಡ ಪೆಟ್ಟು ಬಿತ್ತು. ಅಲ್ಲಿಂದ ಮುಂದೆ ಕೃಷಿ ರಫ್ತು ನೋಡಿಕೊಳ್ಳುವ ಅಪೇಡಾ ಸಂಸ್ಥೆ, ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ, ರಾಜ್ಯದ ಕೃಷಿ ಇಲಾಖೆ ಸೇರಿ ಉಳಿಕೆ ನಿಗಾ ವ್ಯವಸ್ಥೆಯನ್ನು ಕಟ್ಟಿದವು. ಅದೇ ಮುಂದೆ ಗ್ರೇಪ್‌ನೆಟ್ ಆಯಿತು. ರಫ್ತಿಗೆ ಹೋಗುವ ಪ್ರತಿ ತೋಟದ ತುಂಡಿಗೂ ಒಂದು ನೋಂದಣಿ ಸಂಖ್ಯೆ ಇದೆ. ಯಾವ ದಿನ ಯಾವ ಶಿಲೀಂಧ್ರನಾಶಕ ಹೊಡೆದರು ಎಂಬುದು ದಾಖಲಾಗಬೇಕು, ಅಧಿಕಾರಿ ಬಂದು ನೋಡಬೇಕು, ಪ್ರಯೋಗಶಾಲೆಯವರು ತೋಟಕ್ಕೇ ಬಂದು ಮಾದರಿ ಕೊಯ್ಯಬೇಕು. ಹಾಲೆಂಡಿನ ಅಂಗಡಿಯಲ್ಲಿ ಒಂದು ಡಬ್ಬಿ ದ್ರಾಕ್ಷಿಯ ಮೇಲೆ ದೂರು ಬಂದರೆ ನಾಸಿಕ್‌ನ ಯಾವ ತೋಟದ ತುಂಡು ಎಂದು ಹಿಂದಕ್ಕೆ ಹುಡುಕಿಕೊಂಡು ಬರಬಹುದು. ಸಾಮಾನ್ಯ ಓದು ಬಲ್ಲ ಸಾವಿರಾರು ರೈತರು ಈ ಬರವಣಿಗೆಯನ್ನು ಮಾಡುತ್ತಿದ್ದಾರೆ. ನಮ್ಮಲ್ಲಿ ದಾಖಲೆ ಇಡುವ ಶಿಸ್ತಿಲ್ಲ ಎನ್ನುವವರಿಗೆ ನಾನು ಈ ತೋಟಗಳನ್ನು ತೋರಿಸುತ್ತೇನೆ.

ಇನ್ನು ಅಜಂತಾ. ವಾಘೋರಾ ಹೊಳೆಯ ಕಮರಿಯಲ್ಲಿ ಮೂವತ್ತು ಗುಹೆಗಳು. ಚಿತ್ರ ಇರುವುದು ಬರೀ ಕಲ್ಲಿನ ಮೇಲಲ್ಲ. ಮಣ್ಣು, ಹೊಟ್ಟು, ನಾರು ಕಲಸಿ ಮೆತ್ತಿದ ಗಾರೆಯ ಮೇಲೆ. ತೇವ ಸಿಕ್ಕರೆ ಹೊಟ್ಟು-ನಾರು ಬೂಷ್ಟಿಗೂ ಹುಳುವಿಗೂ ಊಟ. ಮಳೆಗಾಲದ ನೀರು ಬಂಡೆಯ ಬಿರುಕಿನಿಂದ ಇಳಿಯುತ್ತದೆ, ಬಂದ ಜನರ ಉಸಿರು ಒಳಗೇ ಉಳಿಯುತ್ತದೆ. 1920ರ ದಶಕದ ಆರಂಭದಲ್ಲಿ ನಿಜಾಮ್ ಸರ್ಕಾರ ಗುಲಾಂ ಯಜ್ದಾನಿಯವರ ಉಸ್ತುವಾರಿಯಲ್ಲಿ ಇಟಲಿಯಿಂದ ಚೆಕ್ಕೋನಿ, ಓರ್ಸಿನಿ ಎಂಬ ಇಬ್ಬರು ತಜ್ಞರನ್ನು ಕರೆಸಿತು. ಅವರು ಬಳಿದ ಅರಗಿನ ವಾರ್ನಿಶ್ ಕಾಲ ಕಳೆದಂತೆ ಹಳದಿಗಟ್ಟಿ ಇನ್ನೊಂದು ತೊಂದರೆಯಾಯಿತು, ಅದು ಬೇರೆ ಕಥೆ. ಮುಂದೆ ಭಾರತೀಯ ಪುರಾತತ್ತ್ವ ಇಲಾಖೆಯ ರಸಾಯನ ತಜ್ಞರು ಅದನ್ನು ಇಂಚಿಂಚಾಗಿ ತೆಗೆದರು. ಇಂದಿಗೂ ಇಲಾಖೆಯ ವಿಜ್ಞಾನ ಶಾಖೆ ಸಂಭಾಜಿನಗರದಲ್ಲಿದೆ. ತೇವವನ್ನು ಅಳೆಯುತ್ತಾರೆ, ಚಿತ್ರವಿರುವ ಗುಹೆಯೊಳಗೆ ಒಮ್ಮೆಗೆ ಇಷ್ಟೇ ಜನ ಎಂದು ನಿಲ್ಲಿಸುತ್ತಾರೆ. ನಮ್ಮ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸವಿರುವ ಎಲ್ಲೋರಾದ ಗಾರೆಯಲ್ಲಿ ಭಂಗಿ ಗಿಡದ ನಾರು ಬೆರೆಸಿದ್ದರೆಂದೂ, ಹುಳುಬಾಧೆ ತಡೆಯಲು ಅದು ನೆರವಾಗಿರಬಹುದೆಂದೂ 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಗೋಡೆಗೆ ಏನು ಬೆರೆಸಿದರೆ ಏನು ತಿನ್ನುತ್ತದೆ ಎಂಬ ಎಚ್ಚರ ಆ ಬೆಟ್ಟದಲ್ಲಿ ಸಾವಿರ ವರ್ಷಕ್ಕೂ ಹಿಂದಿನದು.

ಹಾಗಾದರೆ ಅದೇ ಜಿಲ್ಲೆಗಳ ಆಸ್ಪತ್ರೆಯ ಗೋಡೆ ಯಾರದು?

ಸಂಭಾಜಿನಗರದಲ್ಲಿ ಘಾಟಿ ಎಂದು ಎಲ್ಲರೂ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ 1956ರಲ್ಲಿ ಶುರುವಾಯಿತು, ಇಡೀ ಮರಾಠವಾಡ ಅದರ ಬಾಗಿಲಿಗೆ ಬರುತ್ತದೆ. ಅದು ವೈದ್ಯಕೀಯ ಶಿಕ್ಷಣ ಇಲಾಖೆಯದು. ನಾಸಿಕ್‌ನ ಜಿಲ್ಲಾ ಆಸ್ಪತ್ರೆ ಸಾರ್ವಜನಿಕ ಆರೋಗ್ಯ ಇಲಾಖೆಯದು. ಅದೇ ಊರಿನ ಡಾ. ಝಾಕಿರ್ ಹುಸೇನ್ ಆಸ್ಪತ್ರೆ ಮಹಾನಗರಪಾಲಿಕೆಯದು. ಖಾಸಗಿ ಆಸ್ಪತ್ರೆಗಳಿಗೆ 1949ರ ನರ್ಸಿಂಗ್ ಹೋಂ ನೋಂದಣಿ ಕಾಯ್ದೆಯ ಅಡಿ ಪಾಲಿಕೆಯೇ ಪರವಾನಗಿ ಕೊಡುತ್ತದೆ. ಕೇಂದ್ರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯನ್ನು ಮಹಾರಾಷ್ಟ್ರ ಅಳವಡಿಸಿಕೊಂಡಿಲ್ಲ; ನಾವೂ ಅಷ್ಟೇ, ನಮ್ಮದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ. ಸರ್ಕಾರಿ ಕಟ್ಟಡದ ಸೂರು ಸೋರಿದರೆ ದುರಸ್ತಿ ಮಾಡಬೇಕಾದದ್ದು ಲೋಕೋಪಯೋಗಿ ಇಲಾಖೆ, ಅಲ್ಲಿಯವರ ಮಾತಿನಲ್ಲಿ ಬಾಂಧಕಾಮ್ ವಿಭಾಗ. ವಾರ್ಡಿನ ಸಿಸ್ಟರ್ ಮೇಟ್ರನ್‌ಗೆ ಹೇಳುತ್ತಾರೆ, ಮೇಟ್ರನ್ ಸೂಪರಿಂಟೆಂಡೆಂಟರಿಗೆ, ಅವರು ಇಂಜಿನಿಯರಿಗೆ ಪತ್ರ, ಅಲ್ಲಿ ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರು. ಅಷ್ಟರಲ್ಲಿ ಮಳೆ ನಿಂತು ಗೋಡೆ ಒಣಗಿರುತ್ತದೆ, ಕಡತವೂ ಒಣಗುತ್ತದೆ. ಮುಂದಿನ ಜೂನ್‌ನಲ್ಲಿ ಅದೇ ಗೋಡೆ ಮತ್ತೆ ಜಿನುಗುತ್ತದೆ. ಇದು ಗಡಿಯಾಚೆಯ ಕಥೆ ಮಾತ್ರವಲ್ಲ, ನಮ್ಮ ಜಿಲ್ಲೆಗಳದೂ ಇದೇ ಕಥೆ. ಇಲ್ಲಿ ಯಾರೂ ಕೆಟ್ಟವರಲ್ಲ. ರೋಗಿಯನ್ನು ನೋಡುವವರಿಗೆ ಗೋಡೆಯ ಅಧಿಕಾರವಿಲ್ಲ, ಗೋಡೆಯನ್ನು ನೋಡುವವರಿಗೆ ರೋಗಿಯ ಹೊಣೆಯಿಲ್ಲ.

ದುರಂತ ಒಂದೇ ಏಟಿಗೆ ಬಂದರೆ ಈ ವ್ಯವಸ್ಥೆ ಎಚ್ಚೆತ್ತುಕೊಳ್ಳುತ್ತದೆ. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದ ಬೆಂಕಿಗೆ 10 ಕೂಸುಗಳು ಬಲಿಯಾದವು. ರಾಜ್ಯದ ಆಸ್ಪತ್ರೆಗಳಿಗೆ ಅಗ್ನಿ ಸುರಕ್ಷೆಯ ತಪಾಸಣೆ ಬಂತು. ಅದೇ ವರ್ಷ ಏಪ್ರಿಲ್ 21ರಂದು ನಾಸಿಕ್‌ನ ಝಾಕಿರ್ ಹುಸೇನ್ ಆಸ್ಪತ್ರೆಯ ಅಂಗಳದಲ್ಲಿ ಆಕ್ಸಿಜನ್ ಟ್ಯಾಂಕು ಸೋರಿ, ಬಿಳಿ ಹೊಗೆ ಕವಿದು, ಕೊಳವೆಯ ಒತ್ತಡ ಬಿದ್ದುಹೋಗಿ 22 ರೋಗಿಗಳು ಸತ್ತರು. ವಿಭಾಗೀಯ ಆಯುಕ್ತರ ನೇತೃತ್ವದಲ್ಲಿ ಏಳು ಜನರ ಸಮಿತಿ ಕೂತಿತು. ಆಕ್ಸಿಜನ್ ಆಡಿಟ್ ಎಂಬ ಮಾತು ಜಿಲ್ಲಾಧಿಕಾರಿಗಳ ಸಭೆಗಳಲ್ಲಿ ದಿನಬಳಕೆಯಾಯಿತು. 2023ರ ಅಕ್ಟೋಬರ್‌ನಲ್ಲಿ ನಾಂದೇಡ್ ಮತ್ತು ಘಾಟಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ಸಾಲು ಸಾವು ಸುದ್ದಿಯಾದಾಗ ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡು ಖಾಲಿ ಹುದ್ದೆ, ಔಷಧ, ಬಜೆಟ್‌ನ ಲೆಕ್ಕ ಕೇಳಿತು. ಇವೆಲ್ಲ ಆಗಬೇಕಾದ್ದೇ. ಆದರೆ ಬೆಂಕಿಗೆ ತಾರೀಖಿದೆ, ಸೋರಿದ ಟ್ಯಾಂಕಿಗೆ ಗಂಟೆ-ನಿಮಿಷವಿದೆ. ಬೂಷ್ಟಿಗೆ ಇಲ್ಲ. ರಕ್ತದ ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುವ ಹುಡುಗ ಇಂದು ಆಸ್ಪರ್ಜಿಲಸ್ ಎಂಬ ಬೂಷ್ಟಿನ ಕಣವನ್ನು ಉಸಿರಿನಲ್ಲಿ ಎಳೆದುಕೊಂಡರೆ ಜ್ವರ ಬರುವುದು ವಾರಗಳ ಮೇಲೆ. ಅಷ್ಟರಲ್ಲಿ ಅವನು ಡಿಸ್ಚಾರ್ಜ್ ಆಗಿ ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಯಲ್ಲಿರುತ್ತಾನೆ. ಅಲ್ಲಿ ನ್ಯುಮೋನಿಯಾ ಎಂದು ಬರೆಯುತ್ತಾರೆ. ಈ ಸೋಂಕನ್ನು ಪತ್ತೆಹಚ್ಚುವ ಗೆಲಾಕ್ಟೊಮನ್ನನ್ ಪರೀಕ್ಷೆ ಮಾಡುವ ಸೌಕರ್ಯ ಎಷ್ಟು ಜಿಲ್ಲೆಗಳಲ್ಲಿದೆ? ಆ ಸಾವನ್ನೂ ಈ ಸೂರನ್ನೂ ಜೋಡಿಸುವ ದಾರವೇ ಇಲ್ಲ.

ಸಿರಿವಂತ ದೇಶಗಳಲ್ಲೂ ಆ ದಾರ ಸುಲಭಕ್ಕೆ ಸಿಗಲಿಲ್ಲ. ಅಮೆರಿಕದ ಸಿಯಾಟಲ್‌ನ ಮಕ್ಕಳ ಆಸ್ಪತ್ರೆ 2019ರಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ಮುಚ್ಚಿತು. 2001ರಿಂದ 14 ರೋಗಿಗಳಿಗೆ ಆಸ್ಪರ್ಜಿಲಸ್ ತಗುಲಿದೆ, ಅವರಲ್ಲಿ 6 ಮಂದಿ ತೀರಿಕೊಂಡಿದ್ದಾರೆ ಎಂದು ಆ ನವೆಂಬರ್‌ನಲ್ಲಿ ಆಸ್ಪತ್ರೆಯ ಮುಖ್ಯಸ್ಥರೇ ಒಪ್ಪಿಕೊಂಡರು. ತನಿಖೆ ಗಾಳಿ ಪೂರೈಸುವ ಯಂತ್ರಗಳ ಕಡೆಗೆ ಬೊಟ್ಟು ಮಾಡಿತು. ಹಳೆಯ ಪ್ರಕರಣಗಳನ್ನು ಬಿಡಿಬಿಡಿಯಾಗಿ ನೋಡಿದ್ದರಿಂದಲೇ ಇಷ್ಟು ವರ್ಷ ತಪ್ಪಿಹೋಯಿತು ಎಂದರು. ಆ ಮಾತನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಲ್ಲಿ ಮಾನದಂಡಗಳಿಲ್ಲವೆಂದಲ್ಲ. 2015ರ ಮೇ 15ರಂದು ಶುರುವಾದ ಕಾಯಕಲ್ಪ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸರ್ಕಾರಿ ಆಸ್ಪತ್ರೆಗಳ ಮುಖಚರ್ಯೆಯನ್ನೇ ಅದು ಬದಲಿಸಿದೆ, ನಮ್ಮ ತಾಲ್ಲೂಕು ಆಸ್ಪತ್ರೆಗಳೂ ಪ್ರಶಸ್ತಿ ತಂದಿವೆ. ಅದರ ತಪಾಸಣಾ ಪಟ್ಟಿಯಲ್ಲಿ ಗೋಡೆಯ ಜಿನುಗು, ಬಿರುಕು, ಉದುರಿದ ಗಾರೆ ಎಲ್ಲವೂ ಇವೆ. ಆದರೆ ಅವು ಇರುವುದು ಆಸ್ಪತ್ರೆಯ ನಿರ್ವಹಣೆ ಎಂಬ ಮೊದಲ ಅಧ್ಯಾಯದಲ್ಲಿ, ಕೈದೋಟ, ದೀಪ, ಪೀಠೋಪಕರಣಗಳ ಜೊತೆಗೆ. ಸೋಂಕು ನಿಯಂತ್ರಣ ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಒಂದೊಂದು ಅಂಶಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ. ಒಟ್ಟು ನೂರಕ್ಕೆ ಎಪ್ಪತ್ತು ಬಂದರೆ ಪ್ರಶಸ್ತಿಗೆ ಅರ್ಹ. ಜಿನುಗಿಗೆ ಸೊನ್ನೆ ಬಿದ್ದರೂ ಹೂದೋಟದ ಅಂಕ ಅದನ್ನು ಮುಚ್ಚಿಬಿಡಬಹುದು. ಒದ್ದೆ ಗೋಡೆಯನ್ನು ಚೆಂದದ ಲೆಕ್ಕದಿಂದ ತೆಗೆದು ಸೋಂಕಿನ ಲೆಕ್ಕಕ್ಕೆ ಹಾಕಿ ಎನ್ನುವುದು ನನ್ನ ಮೊದಲ ಬೇಡಿಕೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಪ್ರಯೋಗಶಾಲೆಯವರಾದ ನಾವು ನಮ್ಮ ರೂಢಿಗಳನ್ನೂ ನೋಡಿಕೊಳ್ಳಬೇಕು. ಶನಿವಾರ ಸಂಜೆ ಶಸ್ತ್ರಚಿಕಿತ್ಸಾ ಕೊಠಡಿಗೆ ಫಾರ್ಮಲಿನ್ ಹೊಗೆ ಹಾಕಿ ಬಾಗಿಲು ಮುಚ್ಚುವುದು, ಸೋಮವಾರ ಸ್ವಾಬ್ ತೆಗೆದು ಬ್ಯಾಕ್ಟೀರಿಯಾ ಬೆಳೆದಿಲ್ಲ ಎಂದು ಬರೆಯುವುದು ಎಷ್ಟೋ ಕಡೆ ಇನ್ನೂ ನಡೆದಿದೆ. ಹೊಗೆ ಮೇಲ್ಮೈಯನ್ನು ಮುಟ್ಟುತ್ತದೆ, ಗೋಡೆಯ ಒಡಲಿನ ನೀರನ್ನು ಒಣಗಿಸುವುದಿಲ್ಲ. ಎನ್‌ಎಬಿಎಚ್ ಎಂಬ ಆಸ್ಪತ್ರೆ ಮಾನ್ಯತಾ ಸಂಸ್ಥೆಯ ಸೂಚನೆಗಳು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಂಟೆಗೆ ಕನಿಷ್ಠ 20 ಸಲ ಗಾಳಿ ಬದಲಾಗಬೇಕು, ಅದರಲ್ಲಿ 4 ಸಲ ಹೊರಗಿನ ಹೊಸ ಗಾಳಿ ಇರಬೇಕು ಎನ್ನುತ್ತವೆ. ಕೊಠಡಿ ಖಾಲಿ ಇದ್ದಾಗಲೂ ಗಾಳಿಯಂತ್ರದ ಫ್ಯಾನು ನಿಲ್ಲಬಾರದು ಎನ್ನುತ್ತವೆ. ನಿಲ್ಲಿಸಿದರೆ ತಣ್ಣನೆಯ ನಾಳದೊಳಗೆ ನೀರು ಕಟ್ಟುತ್ತದೆ. ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿ ಸ್ವಿಚ್ ಆರಿಸುವ ಸಣ್ಣ ಆಸ್ಪತ್ರೆಯ ಕಷ್ಟ ನನಗೆ ಗೊತ್ತು. ಬೇಸಿಗೆಯಲ್ಲಿ ಮರಾಠವಾಡದ ವಾರ್ಡುಗಳಿಗೆ ಕೂಲರ್ ಬೇಕೇ ಬೇಕು, ಆದರೆ ಅದರ ಹುಲ್ಲಿನ ಹಾಸು ಮತ್ತು ತೊಟ್ಟಿಯ ನೀರು ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಯಾರನ್ನು ಕೇಳಬೇಕು?

ಪರದೇಶದ ಎಲ್ಲ ಕಟ್ಟಳೆಗಳನ್ನೂ ಹೊತ್ತು ತರಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಹೊರಗಿನ ಗಾಳಿಯಲ್ಲೇ ಬೂಷ್ಟಿನ ಕಣ ಹೇರಳ; ಕಿಟಕಿ ತೆರೆದ ಹಳೆಯ ಉದ್ದ ವಾರ್ಡಿಗೆ ಮಂಜುಗಡ್ಡೆಯ ದೇಶದ ಅಳತೆ ಹೊಂದುವುದಿಲ್ಲ. ಗಾಳಿಯಲ್ಲಿ ಇಷ್ಟು ಕಣ ಇದ್ದರೆ ಸುರಕ್ಷಿತ ಎಂಬ ಒಪ್ಪಿತ ಮಿತಿ ಎಲ್ಲಿಯೂ ಇಲ್ಲ. ಆದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2003ರಲ್ಲಿ ಕೊಟ್ಟ ಒಂದು ಸಲಹೆ ಯಾವ ಹವೆಗೂ ಒಗ್ಗುತ್ತದೆ: ನೆನೆದ ಸೂರು-ಗೋಡೆಯನ್ನು 72 ಗಂಟೆಯೊಳಗೆ ಒಣಗಿಸಿ, ಇಲ್ಲವೇ ಕಿತ್ತುಹಾಕಿ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಬೇಡ ಎಂದು ನಮ್ಮ ಅವ್ವಂದಿರು ಹೇಳುವಾಗ ಅವರ ಲೆಕ್ಕವೂ ಅದೇ. ಮೊದಲು ನೀರು, ಆಮೇಲೆ ಬೂಷ್ಟು. ಹಾಗಾಗಿ ಸರ್ಕಾರ ಹುಡುಕಬೇಕಾದದ್ದು ನೀರನ್ನು. ಅದಕ್ಕೆ ಯಂತ್ರ ಬೇಡ, ಮೂಗು-ಕಣ್ಣು ಸಾಕು, ಬರೆಯಲು ಒಂದು ಪುಸ್ತಕ ಸಾಕು. ಪ್ರತಿ ವಾರ್ಡಿನಲ್ಲಿ ಒಂದು ಜಿನುಗಿನ ಪುಸ್ತಕ. ಎಂದು ಕಂಡಿತು, ಯಾವ ಮಂಚದ ಹತ್ತಿರ, ಯಾರಿಗೆ ತಿಳಿಸಿದರು, ಎಂದು ಒಣಗಿತು. ಮೂರು ದಿನ ಮೀರಿದರೆ ಮಂಚ ಸರಿಸುವ ಅಧಿಕಾರ ಸಿಸ್ಟರಿಗೆ. ಕಟ್ಟಡದ ಇಂಜಿನಿಯರು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಯ ಸದಸ್ಯ. ಪರವಾನಗಿ ನವೀಕರಣದ ದಿನ ಪಾಲಿಕೆಯ ವೈದ್ಯಾಧಿಕಾರಿ ಅಥವಾ ನಮ್ಮಲ್ಲಾದರೆ ಜಿಲ್ಲಾ ಕೆಪಿಎಂಇ ಪ್ರಾಧಿಕಾರ ಆ ಪುಸ್ತಕವನ್ನು ಕೇಳಿ ನೋಡಬೇಕು. ಮಹಾರಾಷ್ಟ್ರದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ನಾಸಿಕ್‌ನಲ್ಲೇ ಇದೆ. ಅಲ್ಲಿನ ಪಠ್ಯಕ್ಕೆ ಒದ್ದೆ ಗೋಡೆಯ ಒಂದು ಪಾಠ ಸೇರಿದರೆ ಆ ವಿಶ್ವವಿದ್ಯಾಲಯದ ಪ್ರತಿ ಹೊಸ ವೈದ್ಯ, ಪ್ರತಿ ಹೊಸ ನರ್ಸು ಅದನ್ನು ಓದಿ ಹೊರಬರುತ್ತಾರೆ.

ಇಂಥ ಪುಸ್ತಕದ ಕಲ್ಪನೆ ನನ್ನದಲ್ಲ. ಬಹಳ ಹಿಂದೆ ನಾನು ಕೆಲಸಕ್ಕಿದ್ದ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಗೋಡೆಗೆ ಮಳೆಗಾಲದಲ್ಲಿ ಕಲೆ ಬರುತ್ತಿತ್ತು. ಅಲ್ಲಿನ ಆಯಾ, ಅಕ್ಷರ ಬಾರದ ಹೆಣ್ಣುಮಗಳು, ಒಂದು ಪೆನ್ಸಿಲ್ ತೆಗೆದುಕೊಂಡು ಕಲೆಯ ಅಂಚಿಗೆ ಸುತ್ತ ಗೆರೆ ಎಳೆದಿದ್ದಳು. ಮರುವರ್ಷ ಕಲೆ ಗೆರೆ ದಾಟಿತು. ಇನ್ನೊಂದು ಗೆರೆ ಎಳೆದಳು. ಮೂರನೆಯ ಗೆರೆ ಎಳೆದ ವರ್ಷ ಮೇಲಿನಿಂದ ತಪಾಸಣೆಗೆ ಬರುತ್ತಾರೆಂದು ಸುದ್ದಿಯಾಗಿ, ಎರಡು ದಿನದಲ್ಲಿ ಇಡೀ ವಾರ್ಡಿಗೆ ಬಿಳಿ ಬಣ್ಣ ಹೊಡೆದರು. ಕಲೆಯೂ ಹೋಯಿತು, ಗೆರೆಗಳೂ ಹೋದವು. ನಾನು ಸ್ಯಾಂಪಲ್ ತೆಗೆದುಕೊಳ್ಳಲು ಹೋದಾಗ ಅವಳು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಆ ಗೋಡೆಯ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಕೇಳಿದಳು: "ಮೇಡಂ, ಇನ್ನ ಮ್ಯಾಲೆ ಇದನ್ನ ಎಲ್ಲಿ ಬರಸಬೇಕ್ರಿ?"